ಮೈ ಡಾಕ್ಯುಮೆಂಟ್ಸ್ ಎಲ್ಲಿದೆ? ಕಂಪ್ಯೂಟರಿನ ಫೋಲ್ಡರುಗಳ ಹೆಸರು ಮತ್ತು ವಿಳಾಸದ ಚರಿತ್ರೆ

ತೊಕ್ಕೊಟ್ಟಿನಿಂದ ನೇತ್ರಾವತಿ ಸೇತುವೆ ದಾಟಿದರೆ ಸಿಗುವ ಪೇಟೆಯನ್ನು ನಾವು ಬ್ಯಾರಿಗಳು ಮೈಕಾಲ ಎನ್ನುತ್ತೇವೆ. ತುಳುವರಿಗೆ ಅದು ಕುಡ್ಲ, ಕೊಂಕಣಿ ಮಾತನಾಡುವವರಿಗೆ ಕೊಡಿಯಾಲ್, ಕಾಸರಗೋಡಿನಿಂದಾಚೆಯ ಮಲಯಾಳಿಗಳಿಗೆ ಮಂಗಲಾಪುರಂ. ಇಂಗ್ಲಿಷಿನಲ್ಲಿ ಮ್ಯಾಂಗಲೋರ್ ಆಗಿದ್ದುದು 2014ರ ನವೆಂಬರ್ 1ರಿಂದ ಸರಕಾರಿ ದಾಖಲೆಗಳಲ್ಲೂ ಮಂಗಳೂರು ಆಯಿತು. ಒಂದೇ ಊರಿಗೆ ಇಷ್ಟೊಂದು ಹೆಸರಿದ್ದರೆ ಅಂಚೆಯವರು ಏನು ಮಾಡಬೇಕು? ಈ ಕಷ್ಟವನ್ನು ಮನಗಂಡೇ ಭಾರತೀಯ ಅಂಚೆ ಇಲಾಖೆಯು 1972ರ ಆಗಸ್ಟ್ 15ರಂದು ಆರು ಅಂಕೆಗಳ ಪಿನ್‌ಕೋಡ್ ಪದ್ಧತಿಯನ್ನು ಜಾರಿಗೆ ತಂದಿತು. ಒಂದೇ ತರಹದ ಊರ ಹೆಸರುಗಳು, ತಪ್ಪು ವಿಳಾಸಗಳು, ಜನ ಬರೆಯುವ ಬೇರೆ ಬೇರೆ ಭಾಷೆಗಳು, ಇವುಗಳಿಂದಾಗುವ ಗೊಂದಲವನ್ನು ನೀಗಿಸುವುದೇ ಅದರ ಉದ್ದೇಶವಾಗಿತ್ತು. ಇದನ್ನು ರೂಪಿಸಿದ ಶ್ರೀರಾಮ ಭಿಕಾಜಿ ವೇಲಣಕರ್ ಸಂಸ್ಕೃತದ ಕವಿಯೂ ಆಗಿದ್ದರು ಎಂಬುದು ಗಮನಾರ್ಹ. ಭಾಷೆಯ ಒಳಹೊರಗು ಬಲ್ಲವರೇ ಭಾಷೆಯನ್ನು ಬದಿಗಿಟ್ಟು ಅಂಕೆಯನ್ನು ಆರಿಸಿಕೊಂಡರು. ಲಕೋಟೆಯ ಮೇಲೆ ಕುಡ್ಲ ಎಂದಿರಲಿ, ಮೈಕಾಲ ಎಂದಿರಲಿ, 575001 ಎಂದಿದ್ದರೆ ಕಾಗದ ಮಂಗಳೂರಿನ ಪ್ರಧಾನ ಅಂಚೆ ಕಚೇರಿಗೇ ಬರುತ್ತದೆ.

ಕಂಪ್ಯೂಟರ್ ಲೋಕ ಈ ಸಣ್ಣ ಸಂಗತಿಯನ್ನು ಪೂರ್ತಿಯಾಗಿ ಒಪ್ಪಿಕೊಳ್ಳಲು ಮತ್ತೆ 35 ವರ್ಷ ಹಿಡಿಯಿತು. ನಾವು ಬರೆದ ಪತ್ರ, ಮಕ್ಕಳ ಫೋಟೊ, ಪರೀಕ್ಷೆಯ ಪ್ರಾಜೆಕ್ಟ್ ಇತ್ಯಾದಿಗಳನ್ನು ಇಡಲು ಪ್ರತಿಯೊಂದು ಕಂಪ್ಯೂಟರಿನಲ್ಲೂ ಕೆಲವು ನಿಗದಿತ ಫೋಲ್ಡರುಗಳಿರುತ್ತವೆ: ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್, ಪಿಕ್ಚರ್ಸ್, ಡೌನ್‌ಲೋಡ್ಸ್ ಹೀಗೆ. ನಾವು ಕಣ್ಣಿನಿಂದ ನೋಡಿ ಅವುಗಳನ್ನು ಗುರುತಿಸುತ್ತೇವೆ. ಆದರೆ ಒಂದು ತಂತ್ರಾಂಶಕ್ಕೆ, ಎಂದರೆ ಪ್ರೋಗ್ರಾಮಿಗೆ, ಅವು ಡಿಸ್ಕಿನಲ್ಲಿ ಎಲ್ಲಿವೆ ಎಂದು ತಿಳಿಯುವುದು ಹೇಗೆ? ಕಂಪ್ಯೂಟರಿನ ಭಾಷೆ ಇಂಗ್ಲಿಷ್ ಅಲ್ಲದೆ ಜರ್ಮನ್, ಅರಬಿ ಅಥವಾ ಕನ್ನಡವಾಗಿದ್ದರೆ ಆಗೇನು? ಈ ಪ್ರಶ್ನೆಗೆ ಸಿಕ್ಕ ಉತ್ತರಗಳ ಚರಿತ್ರೆಯೊಳಗೆ ಕನ್ನಡದ ಕಥೆಯೂ ಸೇರಿಕೊಂಡಿದೆ.

ಎಂಟು ಅಕ್ಷರಗಳ ಕಾಲ

1981ರಲ್ಲಿ ಬಂದ ಎಂಎಸ್-ಡಾಸ್‌ನಲ್ಲಿ ಕಡತದ ಹೆಸರು ಎಂಟು ಅಕ್ಷರ, ಒಂದು ಚುಕ್ಕಿ, ಆ ಮೇಲೆ ಮೂರು ಅಕ್ಷರಗಳಿಗೆ ಮೀರುವಂತಿರಲಿಲ್ಲ. ಬಳಕೆದಾರನಿಗೆಂದು ಪ್ರತ್ಯೇಕ ಫೋಲ್ಡರ್ ಕೂಡ ಇರಲಿಲ್ಲ. ಯಂತ್ರ ಯಾರ ಮುಂದಿದೆಯೋ ಅವನದೇ ಇಡೀ ಡಿಸ್ಕು. ಆದ್ದರಿಂದ ನಮ್ಮ ಪ್ರಶ್ನೆ ಆಗ ಹುಟ್ಟಿಯೇ ಇರಲಿಲ್ಲ.

ಕನ್ನಡ ಆಗ ಬೇರೊಂದು ಹೋರಾಟದಲ್ಲಿತ್ತು. ತೆರೆಯ ಮೇಲೆ ಅಕ್ಷರ ಮೂಡಿದರೆ ಸಾಕೆಂಬ ಹೋರಾಟ ಅದು. ಇದರಲ್ಲಿ ನಮ್ಮ ಜಿಲ್ಲೆಯ ಪಾಲು ದೊಡ್ಡದು. ಮಂಗಳೂರು ಸಮೀಪದ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವೇ ಮುಂದೆ ಕರ್ನಾಟಕ ಸರಕಾರ ಒಪ್ಪಿದ ವಿನ್ಯಾಸಕ್ಕೆ ಆಧಾರವಾಯಿತು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂತು, ಅನಂತರ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಇವುಗಳಿಂದ ಕನ್ನಡ ಮುದ್ರಣಕ್ಕೆ ಆದ ಉಪಕಾರ ಸಣ್ಣದಲ್ಲ. ಇಂತಹ ವಾರ್ಷಿಕ ಸಂಚಿಕೆಗಳೆಷ್ಟೋ ಡಿಟಿಪಿ ಸೆಂಟರುಗಳಲ್ಲಿ ಈ ತಂತ್ರಾಂಶಗಳ ಅಕ್ಷರಗಳಿಂದಲೇ ತಯಾರಾದವು.

ಆದರೆ ಆ ಕಾಲದ ಕನ್ನಡ ಅಕ್ಷರಗಳು ಬಹುಮಟ್ಟಿಗೆ ವೇಷ ಹಾಕಿದ ಇಂಗ್ಲಿಷ್ ಅಕ್ಷರಗಳಾಗಿದ್ದವು. ರೋಮನ್ ಲಿಪಿಗೆ ಮೀಸಲಾದ ಸಂಕೇತಗಳ ಮೇಲೆ ಕನ್ನಡದ ಫಾಂಟನ್ನು ತೊಡಿಸಲಾಗುತ್ತಿತ್ತು. ಪುಟದೊಳಗೆ ಕನ್ನಡವಾಗಿ ಕಂಡದ್ದನ್ನೇ ಕಡತದ ಹೆಸರಿನ ಜಾಗದಲ್ಲಿ ಬರೆದರೆ ಅಲ್ಲಿ ಆ ಫಾಂಟ್ ಇರುತ್ತಿರಲಿಲ್ಲ, ಯಾರಿಗೂ ಓದಲಾಗದ ಚಿತ್ರವಿಚಿತ್ರ ರೋಮನ್ ಅಕ್ಷರಗಳ ರಾಶಿ ಕಾಣಿಸುತ್ತಿತ್ತು. ಹಾಗಾಗಿ ಕನ್ನಡ ಲೇಖನಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹೆಸರಿಟ್ಟು ಉಳಿಸುವುದು ರೂಢಿಯಾಯಿತು. ಈ ಅಭ್ಯಾಸ ಇಂದಿಗೂ ನಮ್ಮ ಬೆರಳುಗಳಿಂದ ಹೋಗಿಲ್ಲ. ಇದಕ್ಕೆ ಪರಿಹಾರವಾದ ಯುನಿಕೋಡ್ 1991ರಲ್ಲೇ ಕನ್ನಡಕ್ಕೆ 128 ಸ್ಥಾನಗಳನ್ನು ಕೊಟ್ಟಿತ್ತು. ಆದರೆ ಕನ್ನಡ ಯುನಿಕೋಡನ್ನು ಸರಿಯಾಗಿ ತೋರಿಸುವ ವಿಂಡೋಸ್ ಎಕ್ಸ್‌ಪಿ ನಮ್ಮ ಕೈಸೇರಿದ್ದು ಹತ್ತು ವರ್ಷ ಕಳೆದು, 2001ರ ಅಕ್ಟೋಬರಿನಲ್ಲಿ.

ಐದನೇ ನಂಬರಿನ ಫೋಲ್ಡರ್

ಅತ್ತ 1995ರಲ್ಲಿ ವಿಂಡೋಸ್ 95 ಬಿಡುಗಡೆಯಾದಾಗ ಡೆಸ್ಕ್‌ಟಾಪ್, ಸ್ಟಾರ್ಟ್ ಮೆನು ಮುಂತಾದ ವಿಶೇಷ ಫೋಲ್ಡರುಗಳು ಬಂದವು. ಮೈ ಡಾಕ್ಯುಮೆಂಟ್ಸ್ ಮನೆಮಾತಾದದ್ದೂ ಆ ವರ್ಷಗಳಲ್ಲೇ. ಈ ವಿಂಡೋಸ್ ಹಲವು ಭಾಷೆಗಳಲ್ಲಿ ಮಾರಾಟವಾಯಿತು. ಆಯಾ ಭಾಷೆಯ ಆವೃತ್ತಿಯಲ್ಲಿ ಫೋಲ್ಡರಿನ ಹೆಸರನ್ನು ಡಿಸ್ಕಿನ ಮೇಲೆಯೇ ಅನುವಾದಿಸಿ ಇಡಲಾಗಿತ್ತು. ಇಂಗ್ಲಿಷಿನ ಪ್ರೋಗ್ರಾಮ್ ಫೈಲ್ಸ್ ಎಂಬುದು ಜರ್ಮನಿಯಲ್ಲಿ ಪ್ರೋಗ್ರಾಮೆ, ಸ್ಪೇನಿನಲ್ಲಿ ಆರ್ಕಿವೊಸ್ ದೆ ಪ್ರೋಗ್ರಾಮಾ. ಮೈ ಡಾಕ್ಯುಮೆಂಟ್ಸ್ ಎಂಬುದು ಜರ್ಮನಿಯಲ್ಲಿ ಐಗನೆ ಡಾಟೈಯನ್, ಫ್ರಾನ್ಸಿನಲ್ಲಿ ಮೆ ದೊಕ್ಯುಮಾಂ. ಮುಂದೆ 2000ದಲ್ಲಿ ಡಾಕ್ಯುಮೆಂಟ್ಸ್ ಆ್ಯಂಡ್ ಸೆಟ್ಟಿಂಗ್ಸ್ ಎಂಬ ದೊಡ್ಡ ಫೋಲ್ಡರ್ ಬಂದಾಗ ಜರ್ಮನರು ಅದಕ್ಕೂ ತಮ್ಮದೇ ಹೆಸರಿಟ್ಟರು. ಫ್ರೆಂಚ್ ಆವೃತ್ತಿಯಲ್ಲಿ ಹೊರ ಫೋಲ್ಡರು ಇಂಗ್ಲಿಷಿನಲ್ಲೇ ಉಳಿದು ಒಳಗಿನದು ಮಾತ್ರ ಫ್ರೆಂಚ್ ಆಯಿತು. ಅಂದರೆ ನಿಯಮ ಎಂಬುದೇ ಇರಲಿಲ್ಲ.

ಅಮೆರಿಕದಲ್ಲೋ ಬೆಂಗಳೂರಿನಲ್ಲೋ ಕುಳಿತು ಪ್ರೋಗ್ರಾಮ್ ಬರೆದವನು ತನ್ನ ಯಂತ್ರದಲ್ಲಿ ಕಂಡ ಇಂಗ್ಲಿಷ್ ದಾರಿಯನ್ನೇ ಕೋಡಿನೊಳಗೆ ಬರೆದುಬಿಡುತ್ತಿದ್ದ. ಅವನ ಯಂತ್ರದಲ್ಲಿ ಅದು ಚೆನ್ನಾಗಿಯೇ ಓಡುತ್ತಿತ್ತು. ಜರ್ಮನ್ ಯಂತ್ರದಲ್ಲಿ ಮಾತ್ರ ಆ ಹೆಸರಿನ ಫೋಲ್ಡರೇ ಇಲ್ಲ. ಕೆಲವು ಪ್ರೋಗ್ರಾಮುಗಳು ಅಲ್ಲಿಗೇ ನಿಲ್ಲುತ್ತಿದ್ದವು. ಇನ್ನು ಕೆಲವು ಅದಕ್ಕಿಂತ ಕೆಟ್ಟದ್ದನ್ನು ಮಾಡುತ್ತಿದ್ದವು: ಇಲ್ಲದ ಫೋಲ್ಡರನ್ನು ಇಂಗ್ಲಿಷ್ ಹೆಸರಿನಲ್ಲಿ ಹೊಸದಾಗಿ ಸೃಷ್ಟಿಸಿ, ಬಳಕೆದಾರನ ಕಡತವನ್ನು ಅದರಲ್ಲಿ ಹಾಕಿ, ಉಳಿಸಲಾಗಿದೆ ಎಂದು ಸಂದೇಶವನ್ನೂ ಕೊಡುತ್ತಿದ್ದವು. ಕಡತ ಇದೆ, ಆದರೆ ಇಟ್ಟವನಿಗೆ ಸಿಗುವುದಿಲ್ಲ.

ಮೈಕ್ರೋಸಾಫ್ಟ್ ಇದಕ್ಕೆ ಸರಿಯಾದ ದಾರಿಯನ್ನು 1995ರಲ್ಲೇ ಕೊಟ್ಟಿತ್ತು ಎಂಬುದನ್ನು ಹೇಳಲೇಬೇಕು. ಪ್ರತಿಯೊಂದು ವಿಶೇಷ ಫೋಲ್ಡರಿಗೂ ಒಂದು ನಂಬರ್ ಇತ್ತು. ಬಳಕೆದಾರನ ದಾಖಲೆಗಳ ಫೋಲ್ಡರಿನ ನಂಬರ್ 5. ಐದನೇ ನಂಬರಿನ ಫೋಲ್ಡರ್ ಎಲ್ಲಿದೆ ಎಂದು ಪ್ರೋಗ್ರಾಮು ವಿಂಡೋಸನ್ನು ಕೇಳಿದರೆ ಸಾಕು, ಭಾಷೆ ಯಾವುದೇ ಇರಲಿ ವಿಂಡೋಸ್ ಸರಿಯಾದ ದಾರಿಯನ್ನು ಹೇಳುತ್ತಿತ್ತು. ಆದರೆ ಹೀಗೆ ಕೇಳಲು ನಾಲ್ಕು ಸಾಲು ಬರೆಯಬೇಕು. ರಿಜಿಸ್ಟ್ರಿ ಎಂಬ ವಿಂಡೋಸಿನ ದಾಖಲೆ ಪುಸ್ತಕದಲ್ಲಿ ‘ಶೆಲ್ ಫೋಲ್ಡರ್ಸ್’ ಎಂಬ ಪುಟವಿತ್ತು, ಅಲ್ಲಿಂದ ನೇರವಾಗಿ ಓದಿಕೊಳ್ಳುವುದು ಸುಲಭ. ಜನ ಸುಲಭದ ದಾರಿಯನ್ನೇ ಹಿಡಿದರು.

ಆ ಪುಟದ ಹಿಂದೊಂದು ಸ್ವಾರಸ್ಯಕರ ಕಥೆಯಿದೆ. ಮೈಕ್ರೋಸಾಫ್ಟಿನ ಹಿರಿಯ ಇಂಜಿನಿಯರ್ ರೇಮಂಡ್ ಚೆನ್ 2003ರಲ್ಲಿ ಇದನ್ನು ವಿವರವಾಗಿ ಬರೆದಿದ್ದಾರೆ. ವಿಂಡೋಸ್ 95 ಇನ್ನೂ ತಯಾರಾಗುತ್ತಿದ್ದಾಗ ತಾತ್ಕಾಲಿಕವಾಗಿ ಇಟ್ಟ ವ್ಯವಸ್ಥೆ ಅದು. ತೆಗೆದುಹಾಕಬೇಕೆನ್ನುವಷ್ಟರಲ್ಲಿ ಕೆಲವು ಪ್ರೋಗ್ರಾಮುಗಳು ಅದನ್ನು ನೆಚ್ಚಿಕೊಂಡಿದ್ದವು. ಅವರು ಹೇಳುವಂತೆ, 1994ರಲ್ಲಿ ಬರೆದ ನಾಲ್ಕು ಪ್ರೋಗ್ರಾಮುಗಳು ಓಡಲಿ ಎಂಬ ಒಂದೇ ಕಾರಣಕ್ಕೆ ಅದು ಉಳಿದುಕೊಂಡಿತು. ಆ ಮೇಲೆ ಅದನ್ನು ನೋಡಿ ಸಾವಿರಾರು ಮಂದಿ ಕಲಿತರು. ನಂತರದ ವಿಂಡೋಸ್‌ಗಳಲ್ಲಿ ಅದೇ ಪುಟದ ಮೇಲ್ತುದಿಯಲ್ಲಿ ‘ಈ ಕೀಲಿಯನ್ನು ಬಳಸಬೇಡಿ’ ಎಂಬ ಅರ್ಥದ ಒಂದು ಸಾಲನ್ನು ಮೈಕ್ರೋಸಾಫ್ಟ್ ಬರೆದಿಟ್ಟಿತು. ಗೋಡೆಯ ಮೇಲೆ ಇಲ್ಲಿ ಕಸ ಹಾಕಬಾರದು ಎಂದು ಬರೆದ ಹಾಗೆ!

ಜಾವಾ ಕಲಿತ ವಿದ್ಯಾರ್ಥಿಗಳಿಗೆ ಇನ್ನೊಂದು ಉದಾಹರಣೆ. ಬಳಕೆದಾರನ ಮನೆ ಫೋಲ್ಡರ್ ಯಾವುದೆಂದು ಜಾವಾವನ್ನು ಕೇಳಿದರೆ, ಅದು ಬಹಳ ವರ್ಷ ಇದೇ ರಿಜಿಸ್ಟ್ರಿ ಪುಟದಲ್ಲಿ ಡೆಸ್ಕ್‌ಟಾಪ್ ಎಲ್ಲಿದೆಯೆಂದು ನೋಡಿ, ಅದರ ಮೇಲಿನ ಫೋಲ್ಡರೇ ಮನೆ ಎಂದು ಊಹಿಸಿ ಹೇಳುತ್ತಿತ್ತು. ಕಾಲೇಜು ಅಥವಾ ಕಚೇರಿಯ ಜಾಲದಲ್ಲಿ ಡೆಸ್ಕ್‌ಟಾಪನ್ನು ಸರ್ವರಿಗೆ ವರ್ಗಾಯಿಸಿದ್ದರೆ ಉತ್ತರ ಪೂರ್ತಿ ತಪ್ಪು. 2002ರಲ್ಲಿ ದೂರು ದಾಖಲಾದ ಈ ದೋಷ ನಿವಾರಣೆಯಾದದ್ದು 2014ರ ಜಾವಾ 8ರಲ್ಲಿ.

ಮೇಲ್ಪದರದ ಕನ್ನಡ

ವಿಂಡೋಸಿಗೆ ಕನ್ನಡದ ಮುಖ ಬಂದದ್ದು ಎಕ್ಸ್‌ಪಿ ಕಾಲದಲ್ಲಿ, 2000ದ ದಶಕದ ಮಧ್ಯಭಾಗದಲ್ಲಿ. ಆದರೆ ಜರ್ಮನರಿಗೆ ಸಿಕ್ಕಂತೆ ನಮಗೆ ಪೂರ್ಣ ಕನ್ನಡ ವಿಂಡೋಸ್ ಸಿಗಲಿಲ್ಲ. ಸಿಕ್ಕಿದ್ದು ಭಾಷಾ ಪೊರೆ. ಇಂಗ್ಲಿಷ್ ವಿಂಡೋಸ್ ಹಾಕಿದ ಮೇಲೆ ಅದರ ಮೇಲೆ ಹೊದಿಸುವ ಪದರ. ಮೆನು, ಗುಂಡಿ, ಸೂಚನೆಗಳು ಕನ್ನಡವಾದವು. ಡಿಸ್ಕಿನಲ್ಲಿದ್ದ ಡಾಕ್ಯುಮೆಂಟ್ಸ್ ಆ್ಯಂಡ್ ಸೆಟ್ಟಿಂಗ್ಸ್, ಪ್ರೋಗ್ರಾಮ್ ಫೈಲ್ಸ್ ಮೊದಲಾದವು ಇಂಗ್ಲಿಷಿನಲ್ಲೇ ಉಳಿದವು. ಇದನ್ನು ಕನ್ನಡಕ್ಕಾದ ಅನ್ಯಾಯ ಎನ್ನಬಹುದು. ಆದರೆ ಇದೇ ಕಾರಣದಿಂದ ಜರ್ಮನರು ಹತ್ತು ವರ್ಷ ಪಟ್ಟ ಪಾಡು ಕನ್ನಡಿಗರಿಗೆ ಬರಲಿಲ್ಲ ಎಂಬುದೂ ನಿಜ.

ವಿಚಿತ್ರವೆಂದರೆ ನಮಗೆ ಸಿಕ್ಕ ಈ ಅರೆ ವ್ಯವಸ್ಥೆಯೇ ಮುಂದೆ ಎಲ್ಲರಿಗೂ ಮಾದರಿಯಾದಂತಾಯಿತು. 2007ರ ಜನವರಿಯಲ್ಲಿ ಬಂದ ವಿಂಡೋಸ್ ವಿಸ್ತಾ ಎಲ್ಲ ಭಾಷೆಗಳಲ್ಲೂ ಡಿಸ್ಕಿನ ಮೇಲಿನ ಹೆಸರನ್ನು ಇಂಗ್ಲಿಷಿನಲ್ಲಿ ‘ಯೂಸರ್ಸ್’ ಎಂದೇ ಇಟ್ಟಿತು. ಬಳಕೆದಾರನಿಗೆ ಕಾಣುವ ಹೆಸರು ಬೇರೆ. ಅದನ್ನು ಫೋಲ್ಡರಿನೊಳಗೆ ಅಡಗಿರುವ ಡೆಸ್ಕ್‌ಟಾಪ್.ಐಎನ್‌ಐ ಎಂಬ ಚಿಕ್ಕ ಕಡತ ಆಯಾ ಭಾಷೆಯಲ್ಲಿ ಒದಗಿಸುತ್ತದೆ. ಆಪಲ್ ಕಂಪನಿಯ ಮ್ಯಾಕ್ ಕೂಡ ಡಿಸ್ಕಿನಲ್ಲಿ ಒಂದು ಹೆಸರು, ತೆರೆಯಲ್ಲಿ ಇನ್ನೊಂದು ಹೆಸರು ಎಂಬ ದಾರಿಯಲ್ಲೇ ನಡೆಯಿತು. ಗಲ್ಫಿನಿಂದ ತಂದ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಅರಬಿಯಲ್ಲಿದ್ದು, ಮೆನುಗಳು ಬಲದಿಂದ ಎಡಕ್ಕೆ ತೆರೆದುಕೊಂಡರೂ ಒಳಗಿನ ವಿಳಾಸ ನಮ್ಮ ಯಂತ್ರದಲ್ಲಿ ಇರುವಂಥದ್ದೇ.

ಹಳೆಯ ಪ್ರೋಗ್ರಾಮುಗಳಿಗಾಗಿ ಹಳೆಯ ಹೆಸರುಗಳನ್ನೂ ಕೈಕಂಬದಂತೆ ಉಳಿಸಲಾಯಿತು. ಅಡಗಿದ ಫೋಲ್ಡರುಗಳನ್ನು ತೋರಿಸುವಂತೆ ಮಾಡಿದರೆ ಇಂದಿನ ವಿಂಡೋಸಿನಲ್ಲೂ ಡಾಕ್ಯುಮೆಂಟ್ಸ್ ಆ್ಯಂಡ್ ಸೆಟ್ಟಿಂಗ್ಸ್ ಕಾಣುತ್ತದೆ. ಒತ್ತಿದರೆ ಪ್ರವೇಶ ನಿರಾಕರಿಸಲಾಗಿದೆ ಎನ್ನುತ್ತದೆ. ಇದು ವೈರಸ್ಸಿನ ಕಾಟ ಎಂದು ಗಾಬರಿಯಾದವರುಂಟು. ಅದು ಫೋಲ್ಡರೇ ಅಲ್ಲ, ಯೂಸರ್ಸ್ ಕಡೆಗೆ ದಾರಿ ತೋರಿಸುವ ಬಾಣದ ಗುರುತು ಮಾತ್ರ.

ನಂಬರುಗಳೂ ಬದಲಾದವು. ಹಳೆಯ 5ರ ಬದಲು 32 ಅಂಕೆ ಅಕ್ಷರಗಳ ಉದ್ದನೆಯ ಗುರುತು ಸಂಖ್ಯೆ ಪ್ರತಿ ಫೋಲ್ಡರಿಗೂ ಬಂತು. ದಾಖಲೆಗಳ ಫೋಲ್ಡರಿನದು ಎಫ್‌ಡಿಡಿ39ಎಡಿ0 ಎಂದು ಆರಂಭವಾಗುತ್ತದೆ. ಯಾರೂ ಬಾಯಿಪಾಠ ಮಾಡಬೇಕಾಗಿಲ್ಲ. ಜಗತ್ತಿನ ಯಾವ ಭಾಷೆಯ ವಿಂಡೋಸಿನಲ್ಲೂ ಈ ಸಂಖ್ಯೆ ಅದೇ ಫೋಲ್ಡರನ್ನು ಸೂಚಿಸುತ್ತದೆ. ವೇಲಣಕರ್ ಅವರ ಪಿನ್‌ಕೋಡ್ ಮಾಡಿದ್ದೂ ಇದನ್ನೇ.

ಡಿಸ್ಕಿನೊಳಗೇ ಕನ್ನಡ

ಅದೇ 2007ರಲ್ಲಿ ಲಿನಕ್ಸ್ ಇದಕ್ಕೆ ತದ್ವಿರುದ್ಧವಾದ ದಾರಿಯನ್ನು ಹಿಡಿಯಿತು. ರೆಡ್ ಹ್ಯಾಟ್ ಕಂಪನಿಯ ಅಲೆಕ್ಸಾಂಡರ್ ಲಾರ್ಸನ್ ಎಂಬವರು ಎಕ್ಸ್‌ಡಿಜಿ-ಯೂಸರ್-ಡೈರ್ಸ್ ಎಂಬ ಚಿಕ್ಕ ಸಾಧನವನ್ನು ಬರೆದರು. ಬಳಕೆದಾರ ಮೊದಲ ಬಾರಿ ಒಳಬಂದಾಗ ಅವನು ಆರಿಸಿದ ಭಾಷೆಯಲ್ಲಿ ಎಂಟು ಫೋಲ್ಡರುಗಳನ್ನು ಡಿಸ್ಕಿನ ಮೇಲೆಯೇ ಸೃಷ್ಟಿಸುವುದು ಅದರ ಕೆಲಸ. ಭಾಷೆ ಕನ್ನಡವಾದರೆ ಹೆಸರೂ ಕನ್ನಡದ್ದೇ. ಯಾವ ಫೋಲ್ಡರ್ ಎಲ್ಲಿದೆ ಎಂಬುದನ್ನು ಮನೆ ಫೋಲ್ಡರಿನೊಳಗಿನ ಒಂದು ಸಾದಾ ಪಠ್ಯ ಕಡತದಲ್ಲಿ ಬರೆದಿಡುತ್ತದೆ. ಪ್ರೋಗ್ರಾಮುಗಳು ಆ ಕಡತವನ್ನು ಓದಿ ತಿಳಿದುಕೊಳ್ಳಬೇಕು.

ನನ್ನ ಅಭಿಪ್ರಾಯದಲ್ಲಿ ಇದು ಹೆಚ್ಚು ಪ್ರಾಮಾಣಿಕವಾದ ದಾರಿ. ಕನ್ನಡ ಇಲ್ಲಿ ಮುಖವಾಡವಲ್ಲ. ಡಿಸ್ಕನ್ನು ಕಳಚಿ ಬೇರೆ ಯಂತ್ರಕ್ಕೆ ಸಿಕ್ಕಿಸಿದರೂ ಹೆಸರು ಕನ್ನಡದಲ್ಲೇ ಇರುತ್ತದೆ. ಯುಟಿಎಫ್-8 ಎಂಬ ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟು ಬೇಕು. ‘ದಾಖಲೆಗಳು’ ಎಂದು ಹೆಸರಿಟ್ಟರೆ ಅದರಲ್ಲಿ ಅಕ್ಷರ, ಕಾಗುಣಿತ ಸೇರಿ 8 ಸಂಕೇತ, ಒಟ್ಟು 24 ಬೈಟು. ಲಿನಕ್ಸಿನಲ್ಲಿ ಒಂದು ಹೆಸರಿಗೆ ಇರುವ ಮಿತಿ 255 ಬೈಟು, ಎಂದರೆ ಕನ್ನಡದಲ್ಲಿ 85 ಸಂಕೇತಗಳು. ಧಾರಾಳವಾಯಿತು.

ಆದರೆ ಕಷ್ಟವೂ ಇಲ್ಲೇ. ಮನೆಯವರು ಇಂಗ್ಲಿಷಿನಲ್ಲಿ ಬಳಸುತ್ತಿದ್ದ ಯಂತ್ರವನ್ನು ಯಾರೋ ಉತ್ಸಾಹದಿಂದ ಕನ್ನಡಕ್ಕೆ ಬದಲಾಯಿಸುತ್ತಾರೆ ಎಂದುಕೊಳ್ಳಿ. ಮುಂದಿನ ಬಾರಿ ಒಳಬಂದಾಗ ಗ್ನೋಮ್ ಒಂದು ಪ್ರಶ್ನೆ ಕೇಳುತ್ತದೆ: ನೀವು ಹೊಸ ಭಾಷೆಯಲ್ಲಿ ಬಂದಿದ್ದೀರಿ, ಫೋಲ್ಡರುಗಳ ಹೆಸರನ್ನೂ ಬದಲಾಯಿಸಲೇ? ಕೆಳಗೆ ಇನ್ನೊಂದು ಸೂಚನೆ ಇರುತ್ತದೆ, ಈಗಾಗಲೇ ಇರುವ ಕಡತಗಳನ್ನು ಸ್ಥಳಾಂತರಿಸುವುದಿಲ್ಲ ಎಂದು. ಆ ಸಾಲನ್ನು ಓದುವವರು ಕಡಿಮೆ. ಹೌದು ಎಂದು ಒತ್ತಿದರೆ ಕನ್ನಡ ಹೆಸರಿನ ಹೊಸ ಫೋಲ್ಡರ್ ತೆರೆದುಕೊಳ್ಳುತ್ತದೆ, ಒಳಗೆ ಏನೂ ಇಲ್ಲ. ಜಮೀನಿನ ಸ್ಕ್ಯಾನ್ ಪ್ರತಿ, ಪಾಸ್‌ಪೋರ್ಟಿನ ನಕಲು, ಮದುವೆಯ ಫೋಟೊ ಎಲ್ಲವೂ ಪಕ್ಕದ ಇಂಗ್ಲಿಷ್ ಹೆಸರಿನ ಫೋಲ್ಡರಿನಲ್ಲಿ ಭದ್ರವಾಗಿಯೇ ಇವೆ. ಆದರೆ ಕನ್ನಡ ಹಾಕಿದ್ದಕ್ಕೇ ಎಲ್ಲ ಹೋಯಿತು ಎಂಬ ಮಾತು ಹುಟ್ಟಲು ಅಷ್ಟು ಸಾಕು. ಇನ್ನು ಬ್ಯಾಕಪ್ ಪ್ರೋಗ್ರಾಮನ್ನು ‘ಡಾಕ್ಯುಮೆಂಟ್ಸ್’ ಎಂಬ ಹೆಸರನ್ನೇ ನಂಬಿ ಬರೆದಿದ್ದರೆ, ಅದು ಪ್ರತಿದಿನ ಹಳೆಯ ಫೋಲ್ಡರನ್ನು ಮಾತ್ರ ನಕಲು ಮಾಡುತ್ತಾ ಹೊಸದನ್ನು ಮುಟ್ಟುವುದೇ ಇಲ್ಲ. ಡಿಸ್ಕು ಕೆಟ್ಟ ದಿನವೇ ಅದು ಗೊತ್ತಾಗುವುದು.

ಇಲ್ಲಿ ಒಂದು ಮಾತು ಸೇರಿಸಬಹುದು. 2007 ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ಆರಂಭವಾದ ವರ್ಷವೂ ಹೌದು. ಲಾರ್ಸನ್ ಅವರ ಸಾಧನಕ್ಕೆ ಒಂದು ಭಾಷೆಯನ್ನು ಸೇರಿಸಲು ಬೇಕಾದ ಪದಗಳ ಪಟ್ಟಿ ಬಹಳ ಚಿಕ್ಕದು. ಕನ್ನಡ ಲಿಪಿಯಲ್ಲಿ ಬ್ಯಾರಿಯ ಪದಗಳನ್ನು ಆರಿಸಿ ಬರೆಯುವುದು ಆಸಕ್ತ ವಿದ್ಯಾರ್ಥಿಗಳಿಗೆ ಒಂದು ಸಂಜೆಯ ಕೆಲಸ. ಯಾವ ಪದ ಎಂಬ ಚರ್ಚೆಗೆ ಮಾತ್ರ ಹತ್ತು ಸಂಜೆ ಬೇಕಾದೀತು.

ಪ್ರಶ್ನಾರ್ಥಕ ಚಿಹ್ನೆಗಳು

ವಿಂಡೋಸಿನಲ್ಲಿ ಫೋಲ್ಡರಿನ ಹೆಸರು ಇಂಗ್ಲಿಷಿನಲ್ಲೇ ಇದ್ದರೂ ಕನ್ನಡ ಇನ್ನೊಂದು ಬಾಗಿಲಿನಿಂದ ದಾರಿಯೊಳಗೆ ಬರುತ್ತದೆ. ಅದು ಬಳಕೆದಾರನ ಹೆಸರು. ಖಾತೆಯನ್ನು ಕನ್ನಡ ಅಕ್ಷರಗಳಲ್ಲಿ ತೆರೆದರೆ ಅವನ ಎಲ್ಲ ಫೋಲ್ಡರುಗಳ ವಿಳಾಸದಲ್ಲೂ ಆ ಕನ್ನಡ ಹೆಸರು ಸೇರಿಕೊಳ್ಳುತ್ತದೆ. ಹಳೆಯ ಪ್ರೋಗ್ರಾಮುಗಳು ವಿಳಾಸಗಳನ್ನು ಕೋಡ್ ಪೇಜ್ ಎಂಬ 256 ಅಕ್ಷರಗಳ ಪಟ್ಟಿಯ ಮೂಲಕ ಓದುತ್ತಿದ್ದವು. ಅರಬಿಗೆ 1256 ಎಂಬ ಪಟ್ಟಿ ಇತ್ತು, ರಷ್ಯನ್‌ಗೆ 1251. ಕನ್ನಡಕ್ಕೆ ವಿಂಡೋಸ್ ಅಂತಹ ಪಟ್ಟಿಯನ್ನು ಕೊಡಲೇ ಇಲ್ಲ, ಯುನಿಕೋಡ್ ಮಾತ್ರ. ಆದ್ದರಿಂದ ಹಳೆಯ ರೀತಿಯಲ್ಲಿ ಬರೆದ ಪ್ರೋಗ್ರಾಮಿಗೆ ಕನ್ನಡದ ಪ್ರತಿ ಅಕ್ಷರವೂ ಪ್ರಶ್ನಾರ್ಥಕ ಚಿಹ್ನೆಯಾಗಿ ಕಾಣುತ್ತದೆ. ವಿಂಡೋಸಿನಲ್ಲಿ ಆ ಚಿಹ್ನೆಯನ್ನು ಕಡತದ ಹೆಸರಿನಲ್ಲಿ ಬಳಸುವಂತೆಯೂ ಇಲ್ಲ. ದಾರಿ ಅಲ್ಲಿಗೆ ಮುಗಿಯಿತು. ಅಂದರೆ ಅರಬಿ ಹೆಸರು ಅರಬಿ ವಿಂಡೋಸಿನಲ್ಲಾದರೂ ನಡೆಯುತ್ತಿತ್ತು, ಕನ್ನಡ ಹೆಸರಿಗೆ ಹಳೆಯ ಪ್ರೋಗ್ರಾಮುಗಳಲ್ಲಿ ಎಲ್ಲಿಯೂ ಜಾಗವಿರಲಿಲ್ಲ. ಇಂತಹ ಪ್ರೋಗ್ರಾಮುಗಳನ್ನು ಯುಟಿಎಫ್-8ಕ್ಕೆ ಸುಲಭವಾಗಿ ಬದಲಾಯಿಸಿಕೊಳ್ಳುವ ಅನುಕೂಲ ಬಂದದ್ದು 2019ರ ವಿಂಡೋಸ್ 10 ಪರಿಷ್ಕರಣೆಯಲ್ಲಿ.

ಇಂಗ್ಲಿಷಿನಲ್ಲಿ ಬರೆದರೂ ನಮ್ಮವರ ಹೆಸರಿಗೆ ಕತ್ತರಿ ತಪ್ಪಿದ್ದಲ್ಲ. 2012ರ ವಿಂಡೋಸ್ 8ರಿಂದ ಈಚೆಗೆ ಮೈಕ್ರೋಸಾಫ್ಟ್ ಖಾತೆಯಿಂದ ಯಂತ್ರವನ್ನು ಸಿದ್ಧಗೊಳಿಸಿದರೆ, ಇಮೇಲಿನ ಮೊದಲ ಐದು ಅಕ್ಷರಗಳೇ ಫೋಲ್ಡರಿನ ಹೆಸರಾಗುತ್ತವೆ. ಇಂಗ್ಲಿಷಿನಲ್ಲಿ ಅಬ್ದುಲ್ ಎಂಬುದಕ್ಕೆ ಸರಿಯಾಗಿ ಐದು ಅಕ್ಷರ. ಅಬ್ದುಲ್ ರಹ್ಮಾನ್, ಅಬ್ದುಲ್ ಖಾದರ್, ಅಬ್ದುಲ್ಲ ಎಂಬ ಹೆಸರಿನಿಂದ ಇಮೇಲ್ ತೆರೆದವರೆಲ್ಲರೂ ಅಲ್ಲಿ ಬರೀ ಅಬ್ದುಲ್.

ಇಂದಿನ ವಿದ್ಯಾರ್ಥಿಗೆ

ಈಗ ಇಂಗ್ಲಿಷ್ ಯಂತ್ರದಲ್ಲೂ ಊಹೆ ನಡೆಯುವುದಿಲ್ಲ. ಒನ್‌ಡ್ರೈವ್ ಚಾಲೂ ಇದ್ದರೆ ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್, ಪಿಕ್ಚರ್ಸ್ ಮೂರೂ ಒನ್‌ಡ್ರೈವ್ ಫೋಲ್ಡರಿನೊಳಗೆ ಹೋಗಿರಬಹುದು. ಕೊಣಾಜೆಯ ವಿಶ್ವವಿದ್ಯಾನಿಲಯದಲ್ಲೋ ಸುತ್ತಮುತ್ತಲಿನ ಇಂಜಿನಿಯರಿಂಗ್ ಕಾಲೇಜುಗಳಲ್ಲೋ ಪೈಥಾನ್ ಕಲಿಯುವ ನಮ್ಮ ಮಕ್ಕಳು ಸಾಮಾನ್ಯವಾಗಿ ಮನೆ ಫೋಲ್ಡರನ್ನು ಕೇಳಿ ಪಡೆದು, ಅದರ ಮುಂದೆ ‘ಡಾಕ್ಯುಮೆಂಟ್ಸ್’ ಎಂದು ತಾವೇ ಅಂಟಿಸುತ್ತಾರೆ. ಅರ್ಧ ಕೇಳಿ ಅರ್ಧ ಊಹಿಸಿದಂತಾಯಿತು. ಪೂರ್ತಿ ಕೇಳುವ ಸೌಲಭ್ಯ ಎಲ್ಲ ಕಡೆ ಇದೆ: ಪೈಥಾನಿನಲ್ಲಿ ಪ್ಲಾಟ್‌ಫಾರ್ಮ್‌ಡೈರ್ಸ್ ಎಂಬ ಸಂಗ್ರಹ, ಡಾಟ್‌ನೆಟ್‌ನಲ್ಲಿ ಗೆಟ್‌ಫೋಲ್ಡರ್‌ಪಾಥ್, ಕ್ಯೂಟಿಯಲ್ಲಿ ಸ್ಟ್ಯಾಂಡರ್ಡ್‌ಪಾಥ್ಸ್, ಲಿನಕ್ಸಿನ ಆದೇಶ ಸಾಲಿನಲ್ಲಿ ಎಕ್ಸ್‌ಡಿಜಿ-ಯೂಸರ್-ಡೈರ್. ಒಂದು ಸಾಲಿನ ಕೆಲಸ.

ಪ್ರಾಜೆಕ್ಟ್ ಒಪ್ಪಿಸುವ ಮೊದಲು ಎರಡು ಪರೀಕ್ಷೆ ಮಾಡಿಕೊಳ್ಳಬಹುದು. ವಿಂಡೋಸಿನಲ್ಲಿ ಕನ್ನಡ ಅಕ್ಷರಗಳಲ್ಲಿ ಒಂದು ಹೊಸ ಖಾತೆ ತೆರೆದು ನಿಮ್ಮ ಪ್ರೋಗ್ರಾಮನ್ನು ಅಲ್ಲಿ ಓಡಿಸಿ. ಬಳಿಕ ಲಿನಕ್ಸ್ ಇರುವ ಯಂತ್ರದಲ್ಲಿ ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಿ, ಗ್ನೋಮ್ ಕೇಳುವ ಪ್ರಶ್ನೆಗೆ ಹೌದೆಂದು ಉತ್ತರಿಸಿ, ಪುನಃ ಓಡಿಸಿ. ಕಡತ ಕನ್ನಡ ಹೆಸರಿನ ಫೋಲ್ಡರಿಗೆ ಹೋಯಿತೇ, ಅಥವಾ ಪಕ್ಕದಲ್ಲಿ ಡಾಕ್ಯುಮೆಂಟ್ಸ್ ಎಂಬ ಇನ್ನೊಂದು ಫೋಲ್ಡರ್ ಹುಟ್ಟಿಕೊಂಡಿತೇ ಎಂದು ನೋಡಿ. ಎರಡಕ್ಕೂ ಸೇರಿ ಅರ್ಧ ಗಂಟೆ ಬೇಕಾಗಬಹುದು.